ಕೂಲಿಂಗ್ ಲೈನಿಗೆ ಯಾವ ದ್ರವ: ನೀರು, ಗ್ಲೈಕಾಲ್, ಇಲ್ಲವೇ ಗ್ರಾಫೀನ್?

ನನ್ನ ಮೇಜಿನ ಮೇಲೆ ಎರಡು ಗಾಜಿನ ಬಾಟಲಿಗಳಿವೆ. ಒಂದರಲ್ಲಿ ಕಾಡಿಗೆ ಕದಡಿದಂಥ ಕಡುಗಪ್ಪು ದ್ರವ. ಬೆಳಕಿಗೆ ಹಿಡಿದರೂ ಆಚೆ ಬದಿ ಕಾಣದು. ಇನ್ನೊಂದರಲ್ಲಿ ಮೇಲೆ ತಿಳಿನೀರು, ತಳದಲ್ಲಿ ಒಂದು ಬೆರಳು ದಪ್ಪ ಕಪ್ಪು ಗಸಿ. ಎರಡನ್ನೂ ಒಂದೇ ಬೆಳಗ್ಗೆ, ಒಂದೇ ಕ್ಯಾನಿನಿಂದ ತುಂಬಿದ್ದೆ. ಮೊದಲನೆಯದು ಕಪಾಟಿನ ನೆರಳಲ್ಲೇ ಇತ್ತು. ಎರಡನೆಯದನ್ನು ಹಗಲು 70 ಡಿಗ್ರಿಯ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ರಾತ್ರಿ ಹೊರಗಿಟ್ಟು ತಣಿಸುತ್ತಿದ್ದೆ. ಹನ್ನೆರಡನೇ ದಿನಕ್ಕೆ ಅದು ಒಡೆದ ಹಾಲಿನ ಹಾಗೆ ಬೇರೆಯಾಯಿತು. ಕ್ಯಾನಿನ ಮೇಲೆ ‘ಗ್ರಾಫೀನ್ ನ್ಯಾನೋ ಕೂಲೆಂಟ್’ ಎಂದಿತ್ತು, ಅಂದರೆ ಇಂಗಾಲದ ಅತಿ ತೆಳು ಹಾಳೆಯ ಚೂರುಗಳನ್ನು ತೇಲಿಸಿದ ತಣಿಸುವ ದ್ರವ.

ಕಾರ್ಖಾನೆಗಳ ಕೂಲಿಂಗ್ ಲೈನುಗಳ ಕೆಲಸದಲ್ಲಿರುವ ನನ್ನನ್ನು ಈಚೆಗೆ ಹೆಚ್ಚು ಜನ ಕೇಳುವುದು ಈ ಕ್ಯಾನಿನ ಬಗ್ಗೆಯೇ. ಪೀಣ್ಯದ ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕದ ಮಾಲೀಕರೊಬ್ಬರು ಚಿಲ್ಲರ್ ಎಂಬ ತಣಿಸುವ ಯಂತ್ರದ ನೀರಿನ ಬದಲು ಇದನ್ನು ಹಾಕಿದರೆ ಸೈಕಲ್ ಟೈಮ್ (ಒಂದು ತುಂಡು ತಯಾರಾಗುವ ಸಮಯ) ಇಳಿಯುತ್ತದಾ ಎಂದು ಕೇಳಿದರು. ಕಾರು ಇಟ್ಟುಕೊಂಡವರು ರೇಡಿಯೇಟರಿಗೆ ಒಳ್ಳೆಯದಾ ಎನ್ನುತ್ತಾರೆ. ಎಂಜಿನಿಯರಿಂಗ್ ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟಿಗೆ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್ ಪುಡಿ) ತಗೊಳ್ಳಲಾ, ಗ್ರಾಫೀನ್ ತಗೊಳ್ಳಲಾ ಎಂದು ಬರೆಯುತ್ತಾರೆ. ಮೂವರಿಗೂ ಉತ್ತರ ಬೇರೆ ಬೇರೆ. ಅಳೆಯುವ ಕೋಲು ಮಾತ್ರ ಒಂದೇ, ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ಶಾಖ ಎಲ್ಲಿ ಸಿಕ್ಕಿಕೊಂಡಿದೆ?

ತೂಬು ಕಟ್ಟಿಕೊಂಡಿರುವಾಗ ಕೆರೆಯ ಹೂಳೆತ್ತಿದರೆ ಗದ್ದೆಗೆ ನೀರು ಹೆಚ್ಚಾಗಿ ಬರುವುದಿಲ್ಲ. ಶಾಖದ ಹರಿವೂ ಹಾಗೆಯೇ. ಬಿಸಿ ಲೋಹದಿಂದ ದ್ರವಕ್ಕೆ, ದ್ರವದಿಂದ ಪೈಪಿನ ಗೋಡೆಗೆ, ಗೋಡೆಯಿಂದ ಆಚೆಯ ಗಾಳಿಗೋ ನೀರಿಗೋ ಅದು ಸಾಲಾಗಿ ಅಡೆತಡೆಗಳನ್ನು ದಾಟಬೇಕು. ಇವುಗಳಲ್ಲಿ ಅತಿ ದೊಡ್ಡ ತಡೆ ಯಾವುದೋ ಅಲ್ಲಿ ಖರ್ಚು ಮಾಡಿದ ರೂಪಾಯಿ ಮಾತ್ರ ಫಲ ಕೊಡುತ್ತದೆ.

ಆ ಮೋಲ್ಡಿಂಗ್ ಘಟಕಕ್ಕೆ ಹೋದಾಗ ಡೈಗೆ (ಅಚ್ಚಿಗೆ) ನೀರು ಕೊಡುವ ಹೋಸನ್ನು ಬಿಚ್ಚಿಸಿದೆ. ಹತ್ತು ಮಿಲಿಮೀಟರಿನ ರಂಧ್ರದೊಳಗೆ ಟಾರ್ಚ್ ಬಿಟ್ಟು ನೋಡಿದರೆ ಸುತ್ತಲೂ ಬೂದುಬಿಳಿ ಸುಣ್ಣದ ಪದರ. ಸ್ಕ್ರೂಡ್ರೈವರ್ ತುದಿಯಿಂದ ಕೆರೆದಾಗ ಮೊಟ್ಟೆಯ ಚಿಪ್ಪಿನಂಥ ಚೂರು ಅಂಗೈಗೆ ಬಿತ್ತು, ಒಂದು ಮಿಲಿಮೀಟರ್ ದಪ್ಪ. ವರ್ಷಗಟ್ಟಲೆ ಬೋರ್‌ವೆಲ್ಲಿನ ಗಡಸು ನೀರು ಓಡಿದ ಗುರುತು ಅದು. ಮಾಲೀಕರ ಎದುರೇ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಸ್ವಚ್ಛ ಸ್ಥಿತಿಯಲ್ಲಿ ಒಟ್ಟು ಶಾಖ ದಾಟುವ ಗುಣಾಂಕ 1000 ಎಂದುಕೊಂಡರೆ ಒಟ್ಟು ತಡೆ ಅದರ ವಿಲೋಮ, 0.001. ಸುಣ್ಣದ ಉಷ್ಣವಾಹಕತೆ ಸುಮಾರು 2; ಒಂದು ಮಿಲಿಮೀಟರ್ ಪದರದ ತಡೆ 0.0005. ಅಂದರೆ ತಡೆ ಒಂದೂವರೆ ಪಟ್ಟಾಯಿತು, ಶಾಖ ದಾಟುವುದು ಮೂರನೇ ಒಂದು ಭಾಗ ಕುಸಿಯಿತು. ಇನ್ನು ಆ 0.001ರಲ್ಲಿ ನೀರಿನ ಪಾಲು 0.0004 ಎಂದುಕೊಳ್ಳಿ. ಯಾವುದೋ ನ್ಯಾನೋ ದ್ರವ ಹಾಕಿ ಆ ಪಾಲನ್ನು 15% ಉತ್ತಮಪಡಿಸಿದರೆ ಕಡಿಮೆಯಾಗುವ ತಡೆ 0.00005. ಸುಣ್ಣ ತೆಗೆದರೆ ಸಿಗುವುದು ಅದರ ಹತ್ತರಷ್ಟು. ಅವರು ಸಲ್ಫಾಮಿಕ್ ಆಸಿಡ್ಡಿನಲ್ಲಿ ಡೀಸ್ಕೇಲ್ ಮಾಡಿಸಿ, ಸಾಫ್ಟ್‌ನರ್ ಕೂರಿಸಿದರು. ಗ್ರಾಫೀನ್ ಕ್ಯಾನು ನನ್ನ ಪ್ರಯೋಗಕ್ಕೆ ಉಳಿಯಿತು.

ಕಾರಿನ ರೇಡಿಯೇಟರಿನಲ್ಲಿ ದೊಡ್ಡ ತಡೆ ಇರುವುದು ಗಾಳಿಯ ಕಡೆ. ಅದಕ್ಕೇ ಅಷ್ಟೊಂದು ಫಿನ್ನುಗಳು. ಒಳಗಿನ ದ್ರವದ ಪಾಲು ಒಟ್ಟು ತಡೆಯ ಐದನೇ ಒಂದು ಭಾಗ ಎಂದು ಧಾರಾಳವಾಗಿ ಲೆಕ್ಕ ಹಿಡಿದರೂ, ದ್ರವವನ್ನು 15% ಸುಧಾರಿಸಿದರೆ ಒಟ್ಟಾರೆ ಲಾಭ ಎರಡೂವರೆ ಪ್ರತಿಶತದ ಆಸುಪಾಸು. ಫಿನ್ನುಗಳ ನಡುವೆ ಕೂತ ಧೂಳು, ಹುಳುಹುಪ್ಪಟೆ ತೊಳೆದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ.

ಉಳಿದ ಅಳತೆಗೋಲುಗಳು

ಶಾಖದ ತಡೆ ನಿಜಕ್ಕೂ ದ್ರವದ ಕಡೆಯೇ ಇದೆ ಎಂದಾದರೆ ಮುಂದಿನ ಪ್ರಶ್ನೆಗಳು ಬರುತ್ತವೆ. ದ್ರವದ ಉಷ್ಣವಾಹಕತೆ ಎಷ್ಟು, ಅದಕ್ಕೆ ತೆರಬೇಕಾದ ಸ್ನಿಗ್ಧತೆಯ ಬೆಲೆ ಎಷ್ಟು ಎಂಬುದು ಒಂದು. ದ್ರವ ಪಾಕದಂತೆ ಮಂದವಾದರೆ ಪಂಪಿನ ಕರೆಂಟ್ ಬಿಲ್ಲು ಏರುತ್ತದೆ, ಗೋಡೆಯ ಹತ್ತಿರದ ಹರಿವೂ ಸೊರಗುತ್ತದೆ. ಎರಡನೆಯದು ಬಾಳಿಕೆ: ಬಿಸಿ ತಂಪು ಬಿಸಿ ತಂಪು ಎಂದು ಸಾವಿರ ಸುತ್ತು ಹೊಡೆದ ಮೇಲೂ ದ್ರವ ಹಾಗೆಯೇ ಇರುತ್ತದಾ? ಆಮೇಲೆ ಲೈನಿನಲ್ಲಿ ಯಾವ ಲೋಹವಿದೆ, ಸೋರಿದರೆ ವಿದ್ಯುತ್ ಭಾಗಗಳಿಗೆ ತಾಗುತ್ತದಾ, ಆಹಾರಕ್ಕೆ ಬೆರೆಯುವ ಭಯವಿದೆಯಾ. ಕೊನೆಗೆ ಎಷ್ಟು ಲೀಟರ್ ಬೇಕು, ಹಳೆಯದನ್ನು ಎಲ್ಲಿ ಹಾಕುವುದು ಎಂಬ ಖರ್ಚಿನ ಮಾತು. ಬೆಲೆಯನ್ನು ಕೊನೆಗೆ ಇಟ್ಟಿರುವುದು ಬೇಕೆಂದೇ. ಅಗ್ಗದ ದ್ರವದಿಂದ ಪಂಪ್ ಸೀಲ್ ಹೋದರೆ ಉಳಿಸಿದ ದುಡ್ಡೆಲ್ಲ ಒಂದೇ ವಾರದಲ್ಲಿ ಮುಗಿಯುತ್ತದೆ.

ಬರೀ ನೀರು

ಶಾಖ ಒಯ್ಯುವ ಕೆಲಸದಲ್ಲಿ ಮಾಮೂಲಿ ದ್ರವಗಳ ಪೈಕಿ ನೀರಿಗೆ ಸಾಟಿ ಇಲ್ಲ. 25 ಡಿಗ್ರಿಯಲ್ಲಿ ಅದರ ಉಷ್ಣವಾಹಕತೆ ಮೀಟರ್-ಕೆಲ್ವಿನ್ನಿಗೆ ಸುಮಾರು 0.6 ವ್ಯಾಟ್. ಶುದ್ಧ ಎಥಿಲೀನ್ ಗ್ಲೈಕಾಲಿನದು 0.25, ಖನಿಜ ತೈಲದ್ದು 0.13ರ ಹತ್ತಿರ. ಕಿಲೋಗೆ ಒಂದು ಡಿಗ್ರಿ ಏರಲು ನೀರು 4.18 ಕಿಲೋಜೂಲ್ ನುಂಗುತ್ತದೆ, ತೈಲ ಅದರ ಅರ್ಧದಷ್ಟು. ಸ್ನಿಗ್ಧತೆಯೂ ಕಡಿಮೆ.

ತೊಂದರೆ ಇರುವುದು ನೀರಿನಲ್ಲಿ ಕರಗಿದ ಉಪ್ಪುಗಳದ್ದು, ತುಕ್ಕಿನದ್ದು, ಪಾಚಿಯದ್ದು. ಆದ್ದರಿಂದ ‘ಬರೀ ನೀರು’ ಎಂದರೆ ನನ್ನ ಅರ್ಥದಲ್ಲಿ ಡಿಎಂ ವಾಟರ್ (ಲವಣ ತೆಗೆದ ನೀರು) ಅಥವಾ ಮೃದು ಮಾಡಿದ ನೀರು, ಜೊತೆಗೆ ತುಕ್ಕು ತಡೆಯುವ ಇನ್ಹಿಬಿಟರ್. ಮುಚ್ಚಿದ ಲೈನಿಗೆ ಒಮ್ಮೆ ತುಂಬಿದರೆ ಬಹುಕಾಲ ನಡೆಯುತ್ತದೆ, ಖರ್ಚು ಎಲ್ಲಕ್ಕಿಂತ ಕಡಿಮೆ. 5 ಡಿಗ್ರಿಗಿಂತ ಮೇಲೆ, 90 ಡಿಗ್ರಿಗಿಂತ ಕೆಳಗೆ ಓಡುವ ಮೋಲ್ಡಿಂಗ್, ವೆಲ್ಡಿಂಗ್, ಸಿಎನ್‌ಸಿ ಚಿಲ್ಲರುಗಳಿಗೆ ಇದನ್ನು ಬಿಟ್ಟು ಬೇರೆ ಯೋಚಿಸಲು ಬಲವಾದ ಕಾರಣ ಬೇಕು.

ಗ್ಲೈಕಾಲ್

ಗ್ಲೈಕಾಲ್ ಬೆರೆಸುವುದು ತಣ್ಣಗಾಗಿಸಲು ಎಂದು ತುಂಬ ಜನ ನಂಬಿದ್ದಾರೆ. ಅದನ್ನು ಬೆರೆಸುವುದು ಹೆಪ್ಪುಗಟ್ಟದಿರಲಿ, ಬೇಗ ಕುದಿಯದಿರಲಿ ಎಂದು, ಜೊತೆಗೆ ಅದರೊಳಗಿನ ತುಕ್ಕುನಿರೋಧಕಗಳಿಗಾಗಿ. ಅರ್ಧಕ್ಕರ್ಧ ಬೆರೆಸಿದ ಎಥಿಲೀನ್ ಗ್ಲೈಕಾಲ್ ಮೈನಸ್ 37 ಡಿಗ್ರಿಯವರೆಗೆ ಗಟ್ಟಿಯಾಗುವುದಿಲ್ಲ. ಆದರೆ ಆ ಮಿಶ್ರಣದ ಉಷ್ಣವಾಹಕತೆ 0.4ರ ಸುಮಾರಿಗೆ ಇಳಿದಿರುತ್ತದೆ, ಸ್ನಿಗ್ಧತೆ ನೀರಿನ ಮೂರು ನಾಲ್ಕು ಪಟ್ಟಾಗಿರುತ್ತದೆ.

ಈ ಸಂಖ್ಯೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. 0.4ರಿಂದ 0.6ಕ್ಕೆ ಹೋಗುವುದೆಂದರೆ 50% ಏರಿಕೆ. ಬೇಕಿಲ್ಲದ ಕಡೆ ಗ್ಲೈಕಾಲ್ ತೆಗೆದು ನೀರು ಹಾಕಿದರೆ ಸಿಗುವ ಇಷ್ಟು ದೊಡ್ಡ ಲಾಭವನ್ನು ಗ್ರಾಫೀನ್ ಮಾರುವವರೂ ತಮ್ಮ ಕರಪತ್ರದಲ್ಲಿ ಹೇಳಿಕೊಳ್ಳುವುದು ಅಪರೂಪ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಲ್ಲಿನ ಶೆಡ್ಡೊಂದರ ಒಳಗೆ, 15 ಡಿಗ್ರಿಯಲ್ಲಿ ಓಡುವ ಚಿಲ್ಲರ್ ಲೈನಿಗೆ ಅರ್ಧ ಗ್ಲೈಕಾಲ್ ಸುರಿದಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅಂಥವರು ಮೊದಲು ಚಿಲ್ಲರ್ ಕಂಪನಿಯನ್ನು ಕೇಳಿ ಗ್ಲೈಕಾಲ್ ಪ್ರಮಾಣ ಇಳಿಸಲಿ. ಹಾಗೆ ಇಳಿಸಿದಾಗ ಇನ್ಹಿಬಿಟರ್ ಕೂಡ ತೆಳುವಾಗುತ್ತದೆ, ಅದನ್ನು ಬೇರೆಯಾಗಿ ಸೇರಿಸಬೇಕು. ಚಿಲ್ಲರಿನ ಒಳಗೆ ಶೀತಕ ಅನಿಲದ ಕಡೆ ಉಷ್ಣಾಂಶ ಸೊನ್ನೆಗಿಂತ ಕೆಳಗೆ ಹೋಗುವ ಯಂತ್ರವಾದರೆ ಗ್ಲೈಕಾಲ್ ಬಿಡುವಂತಿಲ್ಲ.

ಕಾರಿನ ಮಾತು ಬೇರೆ. ಕೈಪಿಡಿಯಲ್ಲಿ ಏನು ಬರೆದಿದೆಯೋ ಅದೇ ಕೂಲೆಂಟ್, ಅದೇ ಪ್ರಮಾಣ. ನಮ್ಮಲ್ಲಿ ಐಎಸ್ 5759 ಗುರುತಿರುವುದನ್ನು ನೋಡಿ ಕೊಳ್ಳಿ. ಕೆನಡಾದಲ್ಲೋ ಮಿನೆಸೋಟಾದಲ್ಲೋ ಇರುವ ನಮ್ಮವರಿಗಂತೂ ಚಳಿಗಾಲದಲ್ಲಿ ಗ್ಲೈಕಾಲ್ ಪ್ರಮಾಣವೇ ಎಂಜಿನ್ ಬ್ಲಾಕನ್ನು ಸೀಳದಂತೆ ಕಾಯುವುದು.

ಹಾಲಿನ ಡೇರಿ, ಐಸ್‌ಕ್ರೀಂ, ಪಾನೀಯ ಘಟಕಗಳಿಗೆ ಎಥಿಲೀನ್ ಗ್ಲೈಕಾಲ್ ಬೇಡವೇ ಬೇಡ, ಅದು ವಿಷ. ಅಲ್ಲಿ ಆಹಾರ ದರ್ಜೆಯ ಪ್ರೊಪಿಲೀನ್ ಗ್ಲೈಕಾಲ್. ಇನ್ನಷ್ಟು ಮಂದ, ಹೆಚ್ಚು ದುಬಾರಿ, ಆದರೂ ಅದೇ. ಇದೇ ಕಾರಣಕ್ಕೆ ಅಂಥ ಘಟಕಗಳಿಗೆ ಗ್ರಾಫೀನ್ ದ್ರವವನ್ನೂ ನಾನು ಸೂಚಿಸುವುದಿಲ್ಲ.

ಅಲ್ಯೂಮಿನಾದಂಥ ಆಕ್ಸೈಡ್ ಪುಡಿಗಳು

ದ್ರವದಲ್ಲಿ ಘನ ಕಣ ತೇಲಿಸಿದರೆ ಉಷ್ಣವಾಹಕತೆ ಹೆಚ್ಚುತ್ತದೆ ಎಂಬ ವಿಚಾರ ಹೊಸದಲ್ಲ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1873ರಲ್ಲೇ ಅದರ ಗಣಿತ ಬರೆದಿಟ್ಟಿದ್ದಾನೆ. ಮೈಕ್ರಾನ್ ಗಾತ್ರದ ಪುಡಿ ತಳ ಸೇರುತ್ತಿತ್ತು, ಪೈಪನ್ನು ಸವೆಸುತ್ತಿತ್ತು. ಕಣಗಳನ್ನು ನ್ಯಾನೋ ಗಾತ್ರಕ್ಕೆ ಇಳಿಸಿದರೆ ತೇಲುತ್ತವೆ ಎಂದು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸ್ಟೀಫನ್ ಚೋಯ್ 1995ರಲ್ಲಿ ಇಂಥ ದ್ರವಗಳಿಗೆ ‘ನ್ಯಾನೋಫ್ಲೂಯಿಡ್’ ಎಂದು ಹೆಸರಿಟ್ಟರು.

ಮ್ಯಾಕ್ಸ್‌ವೆಲ್ಲನ ಲೆಕ್ಕ ಸರಳ ರೂಪದಲ್ಲಿ ಹೀಗಿದೆ: ಶಾಖವನ್ನು ಚೆನ್ನಾಗಿ ಒಯ್ಯುವ ಗುಂಡು ಕಣಗಳನ್ನು ಘನಗಾತ್ರದ ಲೆಕ್ಕದಲ್ಲಿ 1% ಹಾಕಿದರೆ ಉಷ್ಣವಾಹಕತೆ ಸುಮಾರು 3% ಏರುತ್ತದೆ. 200 ಲೀಟರಿನ ಟ್ಯಾಂಕಿಗೆ 1% ಅಲ್ಯೂಮಿನಾ ಎಂದರೆ ಎರಡು ಲೀಟರ್ ಪುಡಿ, ತೂಕದಲ್ಲಿ ಎಂಟು ಕಿಲೋ ಹತ್ತಿರ. ಎಂಟು ಕಿಲೋ ಗಡಸು ಪುಡಿಯನ್ನು ಲೈನಿನಲ್ಲಿ ತಿರುಗಿಸಿ ಪಡೆಯುವುದು 3%. ಪಂಪಿನ ಇಂಪೆಲ್ಲರ್, ಮೆಕ್ಯಾನಿಕಲ್ ಸೀಲ್ ಎರಡಕ್ಕೂ ಅದು ಮರಳುಕಾಗದ ಉಜ್ಜಿದ ಹಾಗೆ. ಕಾರ್ಖಾನೆಗೆ ಇದನ್ನು ನಾನು ಒಪ್ಪುವುದಿಲ್ಲ. ಪ್ರಯೋಗಾಲಯದಲ್ಲಿ ಕಲಿಯಲು ಮಾತ್ರ ಇದು ಒಳ್ಳೆಯ ಆರಂಭ: ಪುಡಿ ಅಗ್ಗ, ಗುಣ ಗೊತ್ತಿರುವಂಥದ್ದು, ವಿದ್ಯುತ್ ಹರಿಸುವುದಿಲ್ಲ.

ಗ್ರಾಫೀನ್

ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟನ್ನು ಸುಲಿಯುತ್ತಾ ಹೋಗಿ ಒಂದೇ ಪರಮಾಣು ದಪ್ಪದ ಹಾಳೆ ಉಳಿದರೆ ಅದು ಗ್ರಾಫೀನ್. ಮ್ಯಾಂಚೆಸ್ಟರಿನಲ್ಲಿ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ 2004ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು, 2010ರಲ್ಲಿ ನೊಬೆಲ್ ಪಡೆದರು. ನಡುವೆ 2008ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡಿನಲ್ಲಿ ಅಲೆಕ್ಸಾಂಡರ್ ಬಲಾಂಡಿನ್ ತಂಡ ಒಂಟಿ ಹಾಳೆಯ ಉಷ್ಣವಾಹಕತೆ ಅಳೆದಾಗ 5000ದ ಆಸುಪಾಸಿನ ಸಂಖ್ಯೆ ಬಂತು. ತಾಮ್ರದ್ದು 400, ಅಲ್ಯೂಮಿನಾದ್ದು 30–40. ಈ 5000 ಎಂಬ ಅಂಕಿಯನ್ನೇ ಮಾರಾಟಗಾರರು ದೊಡ್ಡ ಅಕ್ಷರದಲ್ಲಿ ಹಾಕುವುದು.

ನೀರಿಗೆ ಬೀಳುವ ಪುಡಿಯಲ್ಲಿ ಆ ಅಂಕಿ ಉಳಿಯುವುದಿಲ್ಲ. ಬಲಾಂಡಿನ್ ಅಳೆದದ್ದು ಎರಡು ಬದಿ ಹಿಡಿದು ತೂಗಿಸಿದ ಒಂಟಿ ಹಾಳೆ. ನಮಗೆ ಸಿಗುವುದು ಹತ್ತಾರು ಪದರಗಳ ಚೂರು, ನ್ಯಾನೋಪ್ಲೇಟ್‌ಲೆಟ್. ಒಂದು ಚೂರಿನಿಂದ ನೀರಿಗೆ, ನೀರಿನಿಂದ ಮುಂದಿನ ಚೂರಿಗೆ ಶಾಖ ದಾಟುವಾಗ ಪ್ರತಿ ಗಡಿಯಲ್ಲೂ ತಡೆ. ಹಾಗಿದ್ದೂ ಆಕ್ಸೈಡ್ ಪುಡಿಗಳಿಗಿಂತ ಇದು ಮುಂದಿರುವುದಕ್ಕೆ ಕಾರಣ ಆಕಾರ. ತೆಳ್ಳಗಿನ ಅಗಲವಾದ ಹಾಳೆ ಶಾಖಕ್ಕೆ ಉದ್ದನೆಯ ಸೇತುವೆ ಆಗುತ್ತದೆ. ಮಲಯ ವಿಶ್ವವಿದ್ಯಾಲಯದ 2014ರ ಅಧ್ಯಯನದಲ್ಲಿ ಗ್ರಾಂಗೆ 750 ಚದರ ಮೀಟರ್ ಮೇಲ್ಮೈ ಇರುವ ಗ್ರಾಫೀನ್ ಚೂರನ್ನು ತೂಕದಲ್ಲಿ ಬರೀ 0.1% ಬೆರೆಸಿ 27% ಏರಿಕೆ ಕಂಡರು. 200 ಲೀಟರಿಗೆ 0.1% ಎಂದರೆ 200 ಗ್ರಾಂ. ಅಲ್ಯೂಮಿನಾದ ಎಂಟು ಕಿಲೋ ಎದುರು ಇಷ್ಟೇ ಇಷ್ಟು ಪುಡಿ.

ಐಐಟಿ ಮದ್ರಾಸಿನ 2010ರ ಕೆಲಸದಲ್ಲಿ ಘನಗಾತ್ರದ ಲೆಕ್ಕದಲ್ಲಿ 0.056% ಗ್ರಾಫೀನಿಗೆ 25 ಡಿಗ್ರಿಯಲ್ಲಿ 14%, 50 ಡಿಗ್ರಿಯಲ್ಲಿ 64% ಏರಿಕೆ ವರದಿಯಾಗಿದೆ. ಇಂಥ ದೊಡ್ಡ ಅಂಕಿಗಳ ಮುಂದೆ ಇನ್ನೊಂದು ವಿಷಯವನ್ನೂ ಇಡಬೇಕು. 2009ರಲ್ಲಿ ಮೂವತ್ತಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಬಗೆಯ ನ್ಯಾನೋಫ್ಲೂಯಿಡ್ ಮಾದರಿಗಳನ್ನು ಹಂಚಿಕೊಂಡು, ತಂತಮ್ಮ ಉಪಕರಣಗಳಲ್ಲಿ ಅಳೆದು, ಎಂಐಟಿಯ ಜಾಕೊಪೊ ಬುವೊಂಜೊರ್ನೊ ಮುಂದಾಳತ್ವದಲ್ಲಿ ಫಲಿತಾಂಶ ಪ್ರಕಟಿಸಿದವು. ಆ ಮಾದರಿಗಳಲ್ಲಿ ಪವಾಡದಂಥ ಏರಿಕೆ ಯಾವುದೂ ಕಾಣಲಿಲ್ಲ. ಕಣಗಳ ಆಕಾರ, ಪ್ರಮಾಣ ಸೇರಿಸಿದ ಮ್ಯಾಕ್ಸ್‌ವೆಲ್ ವಂಶದ ಸೂತ್ರಗಳೇ ಸಾಕಾದವು. ದ್ರವದಲ್ಲಿ ಬಿಸಿ ತಂತಿ ಇಟ್ಟು ಉಷ್ಣವಾಹಕತೆ ಅಳೆಯುವಾಗ ಒಳಗೆ ಸಣ್ಣ ಸಂವಹನ (ಬಿಸಿಯಾದ ದ್ರವ ಮೇಲೇರಿ ಸುತ್ತುವುದು) ಎದ್ದರೂ ಅಂಕಿ ಉಬ್ಬುತ್ತದೆ, ಬಿಸಿ ಹೆಚ್ಚಾದಷ್ಟೂ ಹೆಚ್ಚು ಉಬ್ಬುತ್ತದೆ. ಆದ್ದರಿಂದ ಕೊಳ್ಳುವವರು ಯೋಜನೆ ಹಾಕುವಾಗ 10ರಿಂದ 20% ಎಂದು ಹಿಡಿದು ಲೆಕ್ಕ ಮಾಡುವುದು ಕ್ಷೇಮ.

ಅದೇ ದ್ರವ, ಎರಡು ಉತ್ತರ

ವಿದ್ಯಾರ್ಥಿಗಳು ಈ ಭಾಗವನ್ನು ಪೆನ್ನು ಹಿಡಿದು ಓದಬೇಕು ಎಂಬುದು ನನ್ನ ಆಸೆ. ಉಷ್ಣವಾಹಕತೆ 10%, ಸ್ನಿಗ್ಧತೆ 20% ಏರಿದ ಒಂದು ದ್ರವ ಇದೆ ಎನ್ನಿ. ಸಾಂದ್ರತೆ, ವಿಶಿಷ್ಟೋಷ್ಣ ಬದಲಾಗಿಲ್ಲ. ಪೈಪಿನಲ್ಲಿ ಪ್ರಕ್ಷುಬ್ಧ ಹರಿವು, ಅದರ ಶಾಖದ ಲೆಕ್ಕಕ್ಕೆ ನೀವೆಲ್ಲ ಓದಿರುವ ಡಿಟ್ಟಸ್–ಬೋಲ್ಟರ್ ಸೂತ್ರ.

ನೀರು ಹರಿಯುತ್ತಿದ್ದ ವೇಗದಲ್ಲೇ ಇದನ್ನೂ ಹರಿಸಿದರೆ ಶಾಖ ದಾಟುವ ಗುಣಾಂಕ 1.1ರ 0.6 ಘಾತವನ್ನು 1.2ರ 0.4 ಘಾತದಿಂದ ಭಾಗಿಸಿದಷ್ಟು ಪಟ್ಟು, ಅಂದರೆ 0.984. ಒಂದೂವರೆ ಪ್ರತಿಶತ ನಷ್ಟ.

ಈಗ ವೇಗದ ಬದಲು ರೆನಾಲ್ಡ್ಸ್ ಸಂಖ್ಯೆಯನ್ನು (ಹರಿವಿನ ವೇಗಕ್ಕೂ ಸ್ನಿಗ್ಧತೆಗೂ ಇರುವ ಅನುಪಾತದ ಅಳತೆ) ಸಮ ಇಡಿ, ಬಹಳಷ್ಟು ಪ್ರಬಂಧಗಳಲ್ಲಿ ಮಾಡುವ ಹಾಗೆ. ಆಗ ಗುಣಾಂಕ 1.14 ಪಟ್ಟು, ಅಂದರೆ 14% ಲಾಭ! ದ್ರವ ಒಂದೇ. ಮಂದವಾದ ದ್ರವದಲ್ಲಿ ಅದೇ ರೆನಾಲ್ಡ್ಸ್ ಸಂಖ್ಯೆ ಮುಟ್ಟಲು ಅದನ್ನು 20% ಹೆಚ್ಚು ವೇಗವಾಗಿ ತಳ್ಳಿದ್ದೇವೆ, ಪಂಪಿನ ಶಕ್ತಿ 1.2ರ ಘನದಷ್ಟು, 1.73 ಪಟ್ಟು ತಿಂದಿದೆ. ಅಷ್ಟೇ ಶಕ್ತಿ ಕೊಟ್ಟಿದ್ದರೆ ಬರೀ ನೀರೂ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಹಾಗಾಗಿ ಯಾರೇ ‘ಶಾಖ ವರ್ಗಾವಣೆ ಇಷ್ಟು ಹೆಚ್ಚಿತು’ ಎಂದರೆ ಯಾವುದನ್ನು ಸಮ ಇಟ್ಟು ಹೋಲಿಸಿದಿರಿ ಎಂದು ಕೇಳಿ. ಪಂಪಿನ ಶಕ್ತಿ ಸಮ ಇಟ್ಟ ಹೋಲಿಕೆ ಮಾತ್ರ ನಿಮ್ಮ ಬಿಲ್ಲಿಗೆ ಸಂಬಂಧಪಟ್ಟದ್ದು. ಪ್ರಾಜೆಕ್ಟ್ ವರದಿಯಲ್ಲಿ ಎರಡೂ ಅಂಕಿ ಪಕ್ಕಪಕ್ಕ ಇಟ್ಟರೆ ನಿಮ್ಮ ಕೆಲಸಕ್ಕೆ ತೂಕ ಬರುತ್ತದೆ.

ಕಿರಿದಾದ ನಾಳಗಳಲ್ಲಿ, ಹರಿವು ಪದರಪದರವಾಗಿ ನಿಧಾನಕ್ಕೆ ಸಾಗುವಲ್ಲಿ ಚಿತ್ರ ಬದಲಾಗುತ್ತದೆ. ಅಲ್ಲಿ ಗುಣಾಂಕ ಉಷ್ಣವಾಹಕತೆಯ ಜೊತೆ ನೇರವಾಗಿ ಏರುತ್ತದೆ. ಸ್ನಿಗ್ಧತೆಯ ಏರಿಕೆ ಉಷ್ಣವಾಹಕತೆಯ ಏರಿಕೆಯ ನಾಲ್ಕು ಪಟ್ಟಿಗಿಂತ ಕಡಿಮೆ ಇದ್ದರೆ ಲಾಭ ಉಂಟು ಎಂದು ರವಿ ಪ್ರಾಶರ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಎಲೆಕ್ಟ್ರಾನಿಕ್ಸ್ ತಣಿಸುವ ಮೈಕ್ರೋಚಾನೆಲ್ ಬ್ಲಾಕುಗಳು ಈ ಜಾತಿಯವು. ದ್ರವ ಬೇಕಾಗುವುದೂ ಕೆಲವೇ ನೂರು ಮಿಲಿಲೀಟರ್. ಗ್ರಾಫೀನಿಗೆ ದುಡ್ಡು ಹಾಕುವುದಿದ್ದರೆ ಇಂಥ ಜಾಗದಲ್ಲಿ ಹಾಕಿ.

ಯಾವ ಗ್ರಾಫೀನ್?

ಗ್ರಾಫೀನ್ ನೀರನ್ನು ಒಲ್ಲದು. ಹಾಗೇ ಬಿಟ್ಟರೆ ಹಾಳೆಗಳು ಒಂದನ್ನೊಂದು ಅಪ್ಪಿ ಮತ್ತೆ ಗ್ರಾಫೈಟ್ ಆಗುತ್ತವೆ. ನನ್ನ ಎರಡನೇ ಬಾಟಲಿಯಲ್ಲಿ ಆದದ್ದು ಅದೇ. ತಡೆಯಲು ಮೂರು ದಾರಿಗಳಿವೆ, ಮೂರಕ್ಕೂ ಬೇರೆ ಬೇರೆ ಬೆಲೆ.

ಸೋಪಿನಂಥ ಸರ್ಫ್ಯಾಕ್ಟಂಟ್ ಬೆರೆಸುವುದು ಸುಲಭ ಮತ್ತು ಅಗ್ಗ. ಅಲ್ಟ್ರಾಸೋನಿಕ್ ಪ್ರೋಬ್ ಹಿಡಿದರೆ ಒಂದು ಗಂಟೆಯಲ್ಲಿ ಸುಂದರ ಕಪ್ಪು ದ್ರವ ತಯಾರು. ಆದರೆ ಪಂಪಿನಲ್ಲಿ ನೊರೆ ಏಳುತ್ತದೆ, 60–70 ಡಿಗ್ರಿ ದಾಟಿದ ಮೇಲೆ ಹಲವು ಸರ್ಫ್ಯಾಕ್ಟಂಟುಗಳ ಹಿಡಿತ ಸಡಿಲವಾಗುತ್ತದೆ. ಬೆಚ್ಚಗಿನ ಉಷ್ಣಾಂಶದಲ್ಲಿ ನಡೆಯುವ, ಕಡಿಮೆ ದಿನದ ಪ್ರಯೋಗಕ್ಕೆ ಸಾಕು.

ಆಸಿಡ್ಡಿನಲ್ಲಿ ಉಪಚರಿಸಿ ಹಾಳೆಯ ಅಂಚುಗಳಿಗೆ ಕಾರ್ಬಾಕ್ಸಿಲ್ ಗುಂಪುಗಳನ್ನು ಅಂಟಿಸುವುದು ಎರಡನೆಯದು. ನೊರೆಯ ಕಾಟವಿಲ್ಲ, ಬಿಸಿಯಲ್ಲೂ ಹೆಚ್ಚು ಕಾಲ ನಿಲ್ಲುತ್ತದೆ. ದುಬಾರಿ. ಲೈನಿನಲ್ಲಿ ನಿಜವಾಗಿ ಓಡಿಸಬೇಕೆಂದಿದ್ದರೆ ನನ್ನ ಆಯ್ಕೆ ಇದು.

ಮೂರನೆಯದು ಗ್ರಾಫೀನ್ ಆಕ್ಸೈಡ್, 1958ರ ಹಮ್ಮರ್ಸ್ ವಿಧಾನದಲ್ಲಿ ಮಾಡುವಂಥದ್ದು. ನೀರಿನಲ್ಲಿ ತಾನಾಗಿ ಹರಡಿಕೊಳ್ಳುತ್ತದೆ, ಕಾಲೇಜು ಪ್ರಯೋಗಾಲಯದಲ್ಲೂ ತಯಾರಿಸಬಹುದು. ಆದರೆ ಆಮ್ಲಜನಕ ಸೇರಿ ಜಾಲರಿ ಕೆಟ್ಟಿರುವುದರಿಂದ ಅದರ ಉಷ್ಣವಾಹಕತೆ ಶುದ್ಧ ಗ್ರಾಫೀನಿನದಕ್ಕಿಂತ ಬಹಳ ಕೆಳಗೆ. ನಾವು ದುಡ್ಡು ಕೊಟ್ಟ ಗುಣವನ್ನೇ ಬಿಟ್ಟುಕೊಟ್ಟ ಹಾಗೆ.

ಕೊಳ್ಳುವ ಪುಡಿ ಗ್ರಾಫೀನೇ ಹೌದೋ ಅಲ್ಲವೋ ಎಂಬುದು ಇನ್ನೊಂದು ಚಿಂತೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಜಗತ್ತಿನ 60 ತಯಾರಕರ ಮಾದರಿಗಳನ್ನು ಪರೀಕ್ಷಿಸಿತು. ಹತ್ತು ಪದರಕ್ಕಿಂತ ತೆಳುವಾದದ್ದನ್ನು ಗ್ರಾಫೀನ್ ಎಂದು ಲೆಕ್ಕ ಹಿಡಿದರೂ, ಹೆಚ್ಚಿನವುಗಳಲ್ಲಿ ಅದರ ಪ್ರಮಾಣ 10%ಕ್ಕೂ ಕಡಿಮೆ ಇತ್ತು. ಉಳಿದದ್ದೆಲ್ಲ ಸಣ್ಣಗೆ ಪುಡಿ ಮಾಡಿದ ಗ್ರಾಫೈಟ್. ಗ್ರಾಂ ಲೆಕ್ಕದಲ್ಲಿ ದುಡ್ಡು ಕೊಡುವಾಗ ಇದು ನೆನಪಿರಲಿ.

ಹಾಕಲೇಬಾರದ ಜಾಗಗಳು

ಗ್ರಾಫೀನ್ ವಿದ್ಯುತ್ತನ್ನೂ ಚೆನ್ನಾಗಿ ಹರಿಸುತ್ತದೆ. ಟ್ರಾನ್ಸ್‌ಫಾರ್ಮರ್ ಎಣ್ಣೆಗೆ, ವಿದ್ಯುತ್ ಭಾಗಗಳನ್ನೇ ಮುಳುಗಿಸಿ ತಣಿಸುವ ಕಡೆಗೆ ಅದು ಸಲ್ಲದು. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಲೈನಿನಲ್ಲೂ ಬೇಡ, ಅಲ್ಲಿ ಸೋರಿಕೆಯೇ ಅಪಾಯ. ಟ್ರಾನ್ಸ್‌ಫಾರ್ಮರ್ ಎಣ್ಣೆಯ ಉಷ್ಣವಾಹಕತೆ ಏರಿಸುವುದೇ ನಿಮ್ಮ ಗುರಿಯಾದರೆ ಬೋರಾನ್ ನೈಟ್ರೈಡ್ ಕಡೆ ನೋಡಿ. ಗ್ರಾಫೀನಿನಂತೆಯೇ ಹಾಳೆ, ಆದರೆ ವಿದ್ಯುತ್ ನಿರೋಧಕ. ರೈಸ್ ವಿಶ್ವವಿದ್ಯಾಲಯದಲ್ಲಿ ಪುಳಿಕ್ಕಲ್ ಅಜಯನ್ ಅವರ ತಂಡ 2012ರಲ್ಲಿ ಈ ದಾರಿ ತೋರಿಸಿದೆ.

ಅಲ್ಯೂಮಿನಿಯಂ ರೇಡಿಯೇಟರ್, ಅಲ್ಯೂಮಿನಿಯಂ ಕೋಲ್ಡ್ ಪ್ಲೇಟುಗಳ ಮೇಲೆ ಕಾರ್ಬನ್ ಗಸಿ ಕೂತರೆ ಎರಡರ ನಡುವೆ ಸಣ್ಣ ಬ್ಯಾಟರಿಯೇ ಹುಟ್ಟಿ ಅಲ್ಯೂಮಿನಿಯಂ ತೂತು ಬೀಳುತ್ತದೆ. ಕಾರಿಗೆ ಹೊರಗಿನ ಗ್ರಾಫೀನ್ ಸೀಸೆ ಸುರಿಯಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಮನೆಯ ಸೋಲಾರ್ ವಾಟರ್ ಹೀಟರಿನಲ್ಲಿ ಸಾಮಾನ್ಯವಾಗಿ ಪಂಪ್ ಇರುವುದಿಲ್ಲ. ಬಿಸಿನೀರು ತಾನೇ ಮೇಲೇರಿ ಸುತ್ತುತ್ತದೆ, ಅದೇ ನೀರು ಸ್ನಾನಕ್ಕೆ ಬರುತ್ತದೆ. ಅಲ್ಲಿಗೆ ಬೇಕಾದದ್ದು ಸುಣ್ಣ ಕಟ್ಟದ ನೀರು, ಗಡಸು ನೀರಿನ ಬಡಾವಣೆಯಾದರೆ ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿ.

150ರಿಂದ 300 ಡಿಗ್ರಿಯಲ್ಲಿ ಓಡುವ ಥರ್ಮಿಕ್ ಫ್ಲೂಯಿಡ್ (ಶಾಖ ಒಯ್ಯುವ ಎಣ್ಣೆ) ಲೈನುಗಳ ಬಗ್ಗೆಯೂ ಕೇಳುತ್ತಾರೆ. ಎಣ್ಣೆಯ ವಾಹಕತೆ ಕಡಿಮೆ ಇರುವುದರಿಂದ ಗ್ರಾಫೀನ್ ಹಾಕಿದಾಗ ಪ್ರತಿಶತ ದೊಡ್ಡದಾಗಿ ಕಾಣುತ್ತದೆ. ಆದರೆ ಆ ಬಿಸಿಯಲ್ಲಿ ಸರ್ಫ್ಯಾಕ್ಟಂಟ್ ಉಳಿಯದು, ಹೀಟರ್ ಕಾಯಿಲಿನ ಮೇಲೆ ಗಸಿ ಕೂತರೆ ಅಲ್ಲೇ ಎಣ್ಣೆ ಸುಟ್ಟು ಕರಿ ಕಟ್ಟುತ್ತದೆ. ಬೆಂಕಿಯ ಅಪಾಯವಿರುವ ಲೈನಿನಲ್ಲಿ ಪ್ರಯೋಗ ಬೇಡ.

ಕಪ್ಪೇ ಲಾಭವಾಗುವ ಜಾಗ

ಒಂದು ಕಡೆ ಮಾತ್ರ ಗ್ರಾಫೀನ್ ದ್ರವವನ್ನು ಮನಸಾರೆ ಮೆಚ್ಚುತ್ತೇನೆ. ಮಾಮೂಲಿ ಸೋಲಾರ್ ಪ್ಯಾನಲಿನಲ್ಲಿ ಬಿಸಿಲು ಕಪ್ಪು ಲೋಹದ ಮೇಲೆ ಬಿದ್ದು, ಲೋಹ ಕಾದು, ಆಮೇಲೆ ದ್ರವಕ್ಕೆ ಶಾಖ ಹೋಗುತ್ತದೆ. ದ್ರವವೇ ಕಪ್ಪಾಗಿದ್ದರೆ ಬಿಸಿಲನ್ನು ಅದೇ ನೇರವಾಗಿ ಹೀರುತ್ತದೆ, ನಡುವಿನ ಒಂದು ತಡೆಯೇ ಮಾಯ. ಟಾಡ್ ಒಟಾನಿಕಾರ್ ಮತ್ತು ಸಂಗಡಿಗರು 2010ರಲ್ಲಿ ಗ್ರಾಫೈಟ್, ಕಾರ್ಬನ್ ನ್ಯಾನೋಟ್ಯೂಬ್, ಬೆಳ್ಳಿಯ ಕಣಗಳನ್ನು ಹೀಗೆ ಬಳಸಿ ದಕ್ಷತೆಯಲ್ಲಿ 5%ವರೆಗೆ ಲಾಭ ಕಂಡರು. ಅತ್ಯಲ್ಪ ಪ್ರಮಾಣ ಸಾಕಾಗುವುದರಿಂದ ಸ್ನಿಗ್ಧತೆಯೂ ಏರುವುದಿಲ್ಲ. ಪ್ರಾಜೆಕ್ಟಿಗೆ ಹುಡುಕುತ್ತಿರುವ ಮಕ್ಕಳಿಗೆ ನನ್ನ ಸಲಹೆ ಇದೇ: ಬಜೆಟ್ ತೀರ ಕಡಿಮೆ ಇದ್ದರೆ ಅಲ್ಯೂಮಿನಾ ಹಿಡಿದು ಪಂಪಿನ ಶಕ್ತಿ ಸಮ ಇಟ್ಟ ಹೋಲಿಕೆ ಮಾಡಿ, ಸ್ವಲ್ಪ ಕೈಬಿಡುವಿದ್ದರೆ ಗಾಜಿನ ನಳಿಗೆಯಲ್ಲಿ ಗ್ರಾಫೀನ್ ದ್ರವ ಹರಿಸಿ ಬಿಸಿಲಿಗಿಡಿ. ನಮ್ಮ ಬಯಲುಸೀಮೆಯ ಮಾರ್ಚ್ ತಿಂಗಳ ಬಿಸಿಲು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಕೊಳ್ಳುವ ಮುನ್ನ

ಇಷ್ಟಾದ ಮೇಲೂ ನಿಮ್ಮ ಲೈನಿಗೆ ಗ್ರಾಫೀನ್ ಸರಿ ಅನ್ನಿಸಿದರೆ ಮಾರುವವರಿಂದ ನಾಲ್ಕು ಕಾಗದ ಕೇಳಿ. ಪುಡಿಯ ರಾಮನ್ ವರ್ಣಪಟಲ (ಪುಡಿ ಗ್ರಾಫೀನೋ ಗ್ರಾಫೈಟೋ ಎಂದು ತಿಳಿಸುವ ಲೇಸರ್ ಪರೀಕ್ಷೆ). ಝೀಟಾ ಪೊಟೆನ್ಷಿಯಲ್, ಅಂದರೆ ಕಣಗಳ ಮೇಲ್ಮೈ ಬಳಿಯ ವಿದ್ಯುತ್ ವಿಭವ (30 ಮಿಲಿವೋಲ್ಟಿಗಿಂತ ಆಚೆ, ಧನವಾಗಲಿ ಋಣವಾಗಲಿ, ಇದ್ದರೆ ಕಣಗಳು ಒಂದನ್ನೊಂದು ದೂರವಿಡುತ್ತವೆ). ನಿಮ್ಮ ಕೆಲಸದ ಉಷ್ಣಾಂಶದಲ್ಲಿ ಅಳೆದ ಸ್ನಿಗ್ಧತೆ. ಅದೇ ಉಷ್ಣಾಂಶದ ಉಷ್ಣವಾಹಕತೆ. ಸ್ನಿಗ್ಧತೆಯ ಅಂಕಿ ಕೊಡಲು ಹಿಂಜರಿದರೆ ಅಲ್ಲಿಗೇ ನಿಲ್ಲಿಸಿ.

ಆಮೇಲೆ ಅರ್ಧ ಲೀಟರ್ ಮಾದರಿ ತನ್ನಿ. ಪಾರದರ್ಶಕ ಬಾಟಲಿಗೆ ಹಾಕಿ, ನಿಮ್ಮ ಲೈನಿನಲ್ಲಿರುವ ತಾಮ್ರ, ಉಕ್ಕು, ಅಲ್ಯೂಮಿನಿಯಂಗಳ ಒಂದೊಂದು ಪಟ್ಟಿಯನ್ನು ಉಜ್ಜಿ ಹೊಳೆಯಿಸಿ, ಒಂದಕ್ಕೊಂದು ತಾಗದಂತೆ ಮುಳುಗಿಸಿಡಿ. ಹಗಲು ಬಿಸಿ, ರಾತ್ರಿ ತಂಪು, ಒಂದು ತಿಂಗಳು. ತಳದಲ್ಲಿ ಗಸಿ ಕೂತರೆ, ಅಲುಗಾಡಿಸಿದಾಗ ಕದಡದೆ ಚೂರುಚೂರಾಗಿ ಎದ್ದರೆ, ಪಟ್ಟಿಗಳ ಮೇಲೆ ಚುಕ್ಕೆ ಬಿದ್ದರೆ ಆ ದ್ರವ ನಿಮ್ಮ ಲೈನಿನ ಪ್ಲೇಟ್ ಎಕ್ಸ್‌ಚೇಂಜರಿನಲ್ಲೂ ಅದನ್ನೇ ಮಾಡುತ್ತದೆ. ಬಾಟಲಿ ದಾಟಿದರೆ ಒಂದು ಚಿಕ್ಕ ಯಂತ್ರದಲ್ಲಿ ಮಾತ್ರ ತುಂಬಿ, ವಾರಕ್ಕೊಮ್ಮೆ ಸ್ಟ್ರೈನರ್ ಬಿಚ್ಚಿ ನೋಡಿ, ಪಂಪಿನ ಆಂಪಿಯರ್ ಬರೆದಿಡಿ.

ಒಣ ಪುಡಿಯನ್ನು ತೆರೆದ ಕೈಯಲ್ಲಿ, ಫ್ಯಾನಿನ ಕೆಳಗೆ ತೂಗಬೇಡಿ. ಉಸಿರಿಗೆ ಹೋದ ಇಂಥ ಚೂರುಗಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎನ್95 ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಸಾಧ್ಯವಾದರೆ ಪುಡಿ ಬಿಟ್ಟು ಮೊದಲೇ ನೀರಿನಲ್ಲಿ ಕಲಸಿದ ದ್ರಾವಣವನ್ನೇ ತರಿಸಿ. ಲೈನಿನಿಂದ ಇಳಿಸಿದ ಹಳೆಯ ಕಪ್ಪು ದ್ರವವನ್ನು, ಹಳೆಯ ಗ್ಲೈಕಾಲನ್ನೂ, ಮೋರಿಗೆ ಬಿಡದೆ ಮುಚ್ಚಿದ ಡ್ರಮ್ಮಿನಲ್ಲಿ ಶೇಖರಿಸಿ ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇರುವವರಿಗೆ ಕೊಡಿ. ಅವರ ದರವನ್ನೂ ಮೊದಲೇ ಕೇಳಿ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ.